ಮುತ್ತಲದ ಹೂವಿನ ಶರಬತ್ತು

ಫಾಲ್ಗುಣ ಮಾಸವು ಬಂದಿತೆಂದರೆ ನವಿಲುತೀರ್ಥದ ಗುಡ್ಡಗಳ ಮೇಲೆ ಹಸುರೆಂಬುದು ಕಣ್ಣಿಗೆ ಬೀಳುವದಿಲ್ಲ. ಹುಲ್ಲು ಒಣಗಿ, ಕಲ್ಲು ಕಾದು, ಗಿಡಗಂಟಿಗಳೆಲ್ಲ ಬರಲಾಗಿ ನಿಂತಿರುವ ಆ ಹೊತ್ತಿನಲ್ಲಿ ಮುತ್ತಲದ ಗಿಡಗಳು ಮಾತ್ರ ಮೈತುಂಬ ಕೆಂಡದ ಬಣ್ಣದ ಹೂಗಳನ್ನು ಹೊತ್ತು ನಿಲ್ಲುವವು. ಮಲಪ್ರಭೆಯು ಈ ಗುಡ್ಡಗಳ ನಡುವೆ ಇಕ್ಕಟ್ಟಾದ ದಾರಿಯನ್ನು ಕೊರೆದುಕೊಂಡು ಹೊರಬೀಳುವ ಎಡೆಯೇ ನವಿಲುತೀರ್ಥವು. ಆ ಇಕ್ಕಟ್ಟಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟಿನ ಕೆಲಸವು 1972ರಲ್ಲಿ ಮುಗಿಯಿತು. ನಾನು ಈ ಸೀಮೆಗೆ ಸೊಸೆಯಾಗಿ ಬಂದದ್ದು ಅದಾದ ಎರಡು ವರ್ಷಕ್ಕೆ.

ಹತ್ತಿರದ ಸವದತ್ತಿಗೆ ಹಳೆಯ ಶಾಸನಗಳಲ್ಲಿ ಸುಗಂಧವರ್ತಿಯೆಂಬ ಹೆಸರಿದೆ. ಅದು ರಟ್ಟರು ಆಳಿದ ಊರು. ಇಂಥ ಹೆಸರಿನ ನೆರೆಯಲ್ಲಿದ್ದರೂ ಮುತ್ತಲದ ಹೂವಿಗೆ ಹೇಳಿಕೊಳ್ಳುವಂಥ ಪರಿಮಳವಿಲ್ಲ. ರೂಪವಿದ್ದು ಗಂಧವಿಲ್ಲದವರನ್ನು ಹಿರಿಯರು ಈ ಹೂವಿಗೆ ಹೋಲಿಸಿ ಹಂಗಿಸುವದುಂಟು. ನಮ್ಮ ಅತ್ತೆಯವರು ಮಾತ್ರ ಆ ಹೋಲಿಕೆಯನ್ನು ಒಪ್ಪುತ್ತಿರಲಿಲ್ಲ. “ಮೂಗಿಗೆ ಬ್ಯಾಡಾದರ ಬಿಡಲಿ, ಹೊಟ್ಟಿಗೆ ತಂಪು ಕೊಡತೈತಿ” ಎಂದು ಹೂವಿನ ಪಕ್ಷವನ್ನೇ ಹಿಡಿಯುತ್ತಿದ್ದರು.

ಅವರ ಶರಬತ್ತಿನ ಕ್ರಮವನ್ನು ಮೊದಲು ಹೇಳಿಬಿಡುತ್ತೇನೆ. ಹೂವನ್ನು ಟೊಂಗೆಯಿಂದ ಕೀಳಬಾರದು. ಬೆಳಗಿನ ಜಾವದಲ್ಲಿ ಗಿಡದ ಬುಡಕ್ಕೆ ಹಳೆಯ ಧೋತರವನ್ನು ಹಾಸಿಟ್ಟರೆ, ಗೊರವಂಕ ಮೊದಲಾದ ಹಕ್ಕಿಗಳು ಮಕರಂದಕ್ಕೆಂದು ಬಂದು ಹೂಗಳನ್ನು ತಾವೇ ಉದುರಿಸುವವು. ಹಕ್ಕಿಯ ಪಾಲು ಹಕ್ಕಿಗೆ, ನಮ್ಮ ಪಾಲು ನಮಗೆ. ಆಯ್ದು ತಂದ ಹೂವಿನ ಕಂದು ಬಣ್ಣದ ತೊಟ್ಟನ್ನು ಬಿಡಿಸಿ ಚೆಲ್ಲಬೇಕು. ಅದು ಉಳಿದರೆ ಒಗರು ಬರುವದು. ಎಸಳುಗಳನ್ನು ಎರಡು ಸಲ ತೊಳೆದು, ಅವು ಮುಳುಗುವಷ್ಟು ನೀರಿನಲ್ಲಿ ಮಣ್ಣಿನ ಗಡಿಗೆಯೊಳಗೆ ರಾತ್ರಿಯೆಲ್ಲ ನೆನೆಯಿಡಬೇಕು. ಬೆಳಿಗ್ಗೆ ತೆಳುವಾದ ಅರಿವೆಯಲ್ಲಿ ಸೋಸಿದರೆ ಕೇಸರಿ ಬಣ್ಣದ ನೀರು ಇಳಿಯುವದು. ಆ ನೀರಿನ ಒಂದು ಪಾಲು ತೂಕಕ್ಕೆ ಎರಡು ಪಾಲು ತೂಕದ ಸಕ್ಕರೆ ಹಾಕಿ, ಸಣ್ಣ ಉರಿಯ ಮೇಲೆ ಕರಗಿಸಿ, ಬೆರಳಿಗೆ ಅಂಟು ಹತ್ತಿದೊಡನೆ ಇಳಿಸಬೇಕು. ಆರಿದ ಮೇಲೆ ಲಿಂಬೆಯ ರಸ, ಏಲಕ್ಕಿಯ ಪುಡಿ.

ಎರಡು ಪಾಲು ಸಕ್ಕರೆಯೇಕೆಂದು ಯಾರಾದರೂ ಕೇಳಬಹುದು. ಅದು ಬರಿಯ ರುಚಿಗಲ್ಲ. ಪಾಕದಲ್ಲಿ ನೂರಕ್ಕೆ 65ರಷ್ಟು ಸಕ್ಕರೆಯಿದ್ದರೆ, ಹುಳಿ ಬರಿಸುವ ಕಣ್ಣಿಗೆ ಕಾಣದ ಜೀವಿಗಳಿಗೆ ಬೇಕಾದ ನೀರು ಸಿಗದೆ ಅವು ಬೆಳೆಯಲಾರವು. ಸಕ್ಕರೆಯಲ್ಲಿ ಉಳಿತಾಯ ಮಾಡಿದವಳ ಸೀಸೆಯು ವಾರದೊಳಗೆ ನೊರೆಯುಕ್ಕುವದು. ಇನ್ನು ಲಿಂಬೆಯ ರಸ ಬಿದ್ದೊಡನೆ ಕೇಸರಿಯು ತಿಳಿಹಳದಿಗೆ ತಿರುಗುವದನ್ನು ನೋಡುವದೇ ಮಕ್ಕಳಿಗೊಂದು ಸೋಜಿಗ. ಹೋಳಿಯ ಓಕುಳಿಗೆ ಇದೇ ಹೂವಿನ ನೀರಿಗೆ ಸುಣ್ಣದ ತಿಳಿ ಬೆರಸಿದರೆ ಬಣ್ಣವು ಕೆಂಪೇರುವದು. ಹುಳಿಗೆ ಒಂದು ಮುಖ, ಸುಣ್ಣಕ್ಕೆ ಇನ್ನೊಂದು. ಈ ಶರಬತ್ತನ್ನು ಬಸುರಿಯರಿಗೆ ಕೊಡಬಾರದೆಂಬ ಕಟ್ಟಳೆಯೂ ನಮ್ಮಲ್ಲಿ ಇದ್ದಿತು.

ನಾನು ಬಂದ ಮೊದಲ ಬೇಸಿಗೆಯಲ್ಲಿ ನಮ್ಮ ನಾದಿನಿಯನ್ನು ನೋಡಲು ಬೀಗರು ಬರುವವರಿದ್ದರು. ಆಗ ನ್ಯಾಯಬೆಲೆಯ ಅಂಗಡಿಯಲ್ಲಿ ಚೀಟಿಗೆ ಸಿಗುವ ಸಕ್ಕರೆಯನ್ನೇ ತಿಂಗಳಿಡೀ ನೆಚ್ಚಿಕೊಂಡಿರಬೇಕಾಗಿತ್ತು. ಎರಡು ತಿಂಗಳ ಸಕ್ಕರೆಯನ್ನು ಅತ್ತೆಯವರು ಹಬ್ಬಕ್ಕೂ ಮುಟ್ಟದೆ ಉಳಿಸಿಟ್ಟಿದ್ದರು. “ಶರಬತ್ತು ಈ ಸಲ ನೀನ ಮಾಡು” ಎಂದು ಅದನ್ನು ನನ್ನ ಕೈಗೆ ಕೊಟ್ಟಾಗ, ಈ ಮನೆಯಲ್ಲಿ ನನಗೂ ಒಂದು ಸ್ಥಾನ ದೊರೆಯಿತೆಂದು ಹಿಗ್ಗಿದೆನು. ಹೂ ಆಯಲು ಎಂಟು ವರುಷದ ನನ್ನ ಮೈದುನನು ಜೊತೆಗೆ ಬಂದನು. ರಾತ್ರಿ ಎಸಳು ನೆನೆಯಿಟ್ಟೆನು. ಬೆಳಿಗ್ಗೆ ಸೋಸಿ, ಹಿಂಡಿದ ಹಿಪ್ಪೆಯನ್ನು ತಿಪ್ಪೆಗೆ ಚೆಲ್ಲಿ, ಪಾಕವನ್ನು ಇಳಿಸಿದೆನು. ಬಣ್ಣವು ಬಹಳ ಚೆನ್ನಾಗಿ ಬಂದಿತ್ತು.

ಅಷ್ಟರಲ್ಲಿ ಸಗಣಿ ಚೆಲ್ಲಲು ಹೋದ ಅತ್ತೆಯವರು ತಿಪ್ಪೆಯ ಬಳಿ ನಿಂತುಬಿಟ್ಟರು. ಮರಳಿ ಬಂದಾಗ ಅವರ ಅಂಗೈಯಲ್ಲಿ ಹಿಂಡಿ ಸುಕ್ಕಾದ ಎರಡು ಹೂಗಳಿದ್ದವು. ಮುತ್ತಲದ ಎಸಳು ಗಿಳಿಯ ಕೊಕ್ಕಿನಂತೆ ಬಾಗಿರುವದು. ಇವು ಆಲಿಕೆಯಂತೆ ಉದ್ದವಾಗಿದ್ದವು. ಹಳದಿ ಕಣಗಿಲವದು! ಬೇಲಿಯ ಸಾಲಿನಲ್ಲಿ ಎಲ್ಲರ ಮನೆಯಲ್ಲಿಯೂ ಬೆಳೆಯುವ, ದೇವರಿಗೂ ಏರಿಸುವ ಹೂವು; ಆದರೆ ಗಿಡದ ಅಂಗಾಂಗವೂ ವಿಷ. ಅದರ ವಿಷವು ಎದೆಯ ಬಡಿತವನ್ನೇ ಕೆಡಿಸುವಂಥದು. ಕುದಿಸಿದ ಮಾತ್ರಕ್ಕೆ ಹೋಗುವದಿಲ್ಲ.

ಮೈದುನನನ್ನು ಕರೆದು ಕೇಳಿದರೆ ಅವನು ಅಳುತ್ತ, “ವೈನಿ, ಬಣ್ಣ ಭಾಳ ಆಗಲಿ ಅಂತ ರಾತ್ರಿ ನಾನ ಹಾಕೇನಿ” ಎಂದನು. ನನಗೆ ಸಹಾಯ ಮಾಡಬೇಕೆಂಬುದೇ ಆ ಕೂಸಿನ ಅಪರಾಧವಾಗಿತ್ತು.

ಈಗ ನನ್ನ ತಪ್ಪನ್ನು ಹೇಳಬೇಕು. ಆ ಕ್ಷಣದಲ್ಲಿ ನನ್ನ ಮನಸ್ಸಿಗೆ ಮೊದಲು ಹೊಳೆದದ್ದು ವಿಷವಲ್ಲ, ಸಕ್ಕರೆ. “ನಾಲ್ಕೇ ಹೂವಲ್ಲವೇ ಅತ್ತಿ, ಅಷ್ಟು ನೀರಿನಾಗ ಏನಾದೀತು?” ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. ಬರುವ ಬೀಗರ ಮುಂದೆ ಬರಿಗೈಯಲ್ಲಿ ನಿಲ್ಲುವ ಅವಮಾನವು, ಕುಡಿಯುವವರ ಜೀವಕ್ಕಿಂತ ನನಗೆ ದೊಡ್ಡದಾಗಿ ತೋರಿತ್ತು. ಇಂದಿಗೂ ಆ ಮಾತನ್ನು ನೆನೆದರೆ ಮೈ ಜುಮ್ಮೆನ್ನುವದು.

ಅತ್ತೆಯವರು ನನ್ನ ಮೇಲೆ ಸಿಟ್ಟಾಗಲಿಲ್ಲ. ಪಾತ್ರೆಯನ್ನು ತಾವೇ ಎತ್ತಿಕೊಂಡು ಹಿತ್ತಲಿಗೆ ಹೋಗಿ, ದನಕರುಗಳು ಮೂಸದಂತೆ ಆಳವಾದ ಕುಣಿ ತೋಡಿ, ಹಿಪ್ಪೆಯನ್ನೂ ಪಾಕವನ್ನೂ ಅದರಲ್ಲಿ ಸುರಿದು ಮಣ್ಣು ಮುಚ್ಚಿದರು. ಗಡಿಗೆಯನ್ನೂ ಒಡೆದು ಹಾಕಿದರು. ಕೈತೊಳೆದುಕೊಂಡು ಬಂದು ಅಂದರು: “ಸಕ್ಕರಿ ಹೋದರ ಮುಂದಿನ ತಿಂಗಳ ಬರತೈತಿ. ಜೀವ ಹೋದರ ಯಾವ ಅಂಗಡ್ಯಾಗ ಸಿಗತೈತಿ, ತಂಗೀ?”

ಬೀಗರಿಗೆ ಅಂದು ಬೆಲ್ಲದ ಪಾನಕವನ್ನೇ ಕೊಟ್ಟೆವು. ನಡೆದದ್ದನ್ನು ಅತ್ತೆಯವರು ಮುಚ್ಚಿಡಲಿಲ್ಲ. ಬಂದವರಲ್ಲಿ ಹಿರಿಯಳಾದ ಹೆಂಗಸು ಎಲ್ಲವನ್ನೂ ಕೇಳಿ, ಲೋಟವನ್ನು ಕೆಳಗಿಟ್ಟು, “ಇಂಥಾ ಮನಿ ಹೆಣ್ಣ ನಮಗ ಬೇಕು” ಎಂದಳು. ನಾದಿನಿಯ ಲಗ್ನವು ಅದೇ ವೈಶಾಖದಲ್ಲಿ ಆಯಿತು.

ಅಂದಿನಿಂದ ನಮ್ಮ ಮನೆಯಲ್ಲಿ ಎರಡು ನೇಮಗಳು ನಿಂತವು. ಆಯ್ದು ತಂದ ಹೂವನ್ನು ಮೊದಲು ಮೊರದಲ್ಲಿ ಹರವಿ, ಬೆಳಕಿನಲ್ಲಿ ಒಂದೊಂದಾಗಿ ನೋಡಿಯೇ ನೀರಿಗೆ ಹಾಕಬೇಕು. ನೆನೆಯಿಟ್ಟ ಗಡಿಗೆಯ ಬಾಯಿಗೆ ಅರಿವೆ ಕಟ್ಟಬೇಕು. ಗುರುತು ಚೆನ್ನಾಗಿ ಗೊತ್ತಿಲ್ಲದ ಹೂವು ಎಷ್ಟು ಚೆಲುವಾಗಿದ್ದರೂ ಅದು ದೇವರಿಗೆ, ಬಾಯಿಗಲ್ಲ.

ಶರಬತ್ತೆಂಬ ಮಾತು ಕುಡಿಯುವದು ಎಂಬರ್ಥದ ಅರಬೀ ಮೂಲದಿಂದ ಬಂದಿತೆಂದು ತಿಳಿದವರು ಹೇಳುತ್ತಾರೆ. ಇಂಗ್ಲಿಷಿನ ಸಿರಪ್ ಎಂಬುದೂ ಅದೇ ಬೇರಿನದು. ಗುಲಕಂದವು ಪಾರಸಿಯ ಹೂವೂ ಸಕ್ಕರೆಯೂ ಕೂಡಿದ ಮಾತು. ಯುರೋಪದ ಹಳ್ಳಿಗಳಲ್ಲಿಯೂ ಬೇಸಿಗೆಯ ಮೊದಲಿಗೆ ಎಲ್ಡರ್ ಎಂಬ ಗಿಡದ ಬಿಳಿಯ ಹೂಗೊಂಚಲುಗಳನ್ನು ಆಯ್ದು ತಂದು, ಸಕ್ಕರೆಯ ಪಾಕದಲ್ಲಿ ಲಿಂಬೆಯೊಡನೆ ನೆನೆಯಿಡುತ್ತಾರಂತೆ. ಅಲ್ಲಿಯೂ ಯಾವಳೋ ಅತ್ತೆಯು ಸೊಸೆಗೆ, ಹೂವನ್ನು ನೋಡಿ ಹಾಕೆಂದು ಹೇಳುತ್ತಿರಬೇಕು.

ಅತ್ತೆಯವರಿಗೆ ಕಡೆಯ ವರ್ಷಗಳಲ್ಲಿ ಸಕ್ಕರೆಯ ಬೇನೆ ಹತ್ತಿತು. ತಾವು ಕಲಿಸಿದ ಶರಬತ್ತನ್ನು ತಾವೇ ಕುಡಿಯುವಂತಿರಲಿಲ್ಲ. ಆದರೂ ಪ್ರತಿ ಫಾಲ್ಗುಣದಲ್ಲಿ ನಾನು ಮೊರವನ್ನು ಅವರ ಮುಂದೆ ತಂದಿಡುತ್ತಿದ್ದೆನು. ಕಣ್ಣು ಮಂಜಾಗಿದ್ದರೂ ಬೆರಳಿನಿಂದಲೇ ಒಂದೊಂದು ಎಸಳಿನ ಬಾಗನ್ನು ತಡವಿ ನೋಡಿ, “ಹೂಂ, ಹಾಕು” ಎನ್ನುತ್ತಿದ್ದರು. ಅವರು ಹೋಗಿ ಬಹುಕಾಲವಾಯಿತು. ಕಣಗಿಲ ಹಾಕಿದ ಮೈದುನನಿಗೆ ಈಗ ಮೊಮ್ಮಕ್ಕಳಿದ್ದಾರೆ. ಈ ಸಲದ ಹೋಳಿಗೆ ಅವನು ಬಂದಿದ್ದಾಗ ಮೊರವನ್ನು ಅವನ ಮುಂದೆಯೇ ಇಟ್ಟೆನು. ಅವನು ಕನ್ನಡಕವನ್ನು ಏರಿಸಿಕೊಂಡು, ಗೋಣೆತ್ತದೆ, ಅರ್ಧ ತಾಸು ಹೂ ನೋಡಿದನು.