ಬಿಸಿ ಹೋಗಲಿಕ್ಕೆ ದಾರಿ ಬೇಕು

ಕೆಲವು ವರ್ಷದ ಹಿಂದಿನ ಮಾತು. ಎಪ್ರಿಲ್ ಮೊದಲ ವಾರ, ಕಡಬ ತಾಲೂಕಿನ ಒಂದು ಗ್ರಾಮಸಭೆ. ಊರಿನ ಹೆಸರು ಬೇಡ. ಜನರೆಲ್ಲ ಶೀಟಿನ ಚಪ್ಪರದಡಿ ಕೂತಿದ್ದರು. ನಾನು ಟ್ರೈಪಾಡ್ ಇಟ್ಟದ್ದು ಅಂಗಳದ ಬಿಸಿಲಿನಲ್ಲಿ. ಫೋನಿಗೆ ದಪ್ಪ ರಬ್ಬರ್ ಕವರ್. ಚಾರ್ಜ್ ಸಾಲದು ಅಂತ ಪವರ್ ಬ್ಯಾಂಕನ್ನು ಅದರ ಬೆನ್ನಿಗೇ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ್ದೆ.

ಎಪ್ಪತ್ತು ದಾಟಿದ ಒಬ್ಬರು ಅಜ್ಜಿ ಎದ್ದು ನಿಂತರು. ತುಳುವಿನಲ್ಲಿ, ನಡುಗದ ಸ್ವರದಲ್ಲಿ ಮಾತಾಡಿದರು. ಬೋರ್‌ವೆಲ್ಲಿನ ಪಂಪ್ ಹಾಳಾಗಿ ತಿಂಗಳು ಕಳೆಯಿತು, ಗುಡ್ಡೆ ಇಳಿದು ತೋಡಿನ ಹೊಂಡದಿಂದ ನೀರು ಹೊರುತ್ತಿದ್ದೇನೆ, ಬಿದ್ದರೆ ಎತ್ತುವವರು ಯಾರು ಎಂದು ಕೇಳಿದರು. ಸಭೆಯೇ ಸುಮ್ಮನಾಯಿತು. ನಾನು ಪರದೆ ನೋಡಿದೆ. ಕಪ್ಪು. ಫೋನು ಕಾದ ಬಾಣಲೆಯ ಹಾಗೆ ಆಗಿತ್ತು. ತಣ್ಣಗಾದ ಮೇಲೆ ಆನ್ ಏನೋ ಆಯಿತು, ಆದರೆ ಆ ಫೈಲ್ ತೆರೆಯಲೇ ಇಲ್ಲ.

ವಾರದ ನಂತರ ಸಭೆಯ ನಡಾವಳಿ ನೋಡಿದೆ. ಅಜ್ಜಿಯ ಮಾತು ಅದರಲ್ಲಿ ಇರಲಿಲ್ಲ. ಕೇಳಿದರೆ, "ಅಂಥ ದೂರು ಬಂದದ್ದು ನೆನಪಿಲ್ಲ. ನಿಮ್ಮಲ್ಲಿ ವಿಡಿಯೋ ಉಂಟಾ?" ಎಂದರು. ನನ್ನಲ್ಲಿ ಇರಲಿಲ್ಲ. ಪುಸ್ತಕದಲ್ಲಿ ಬರೆದುಕೊಂಡದ್ದೂ ಎರಡೇ ಸಾಲು.

ಆ ವರ್ಷ ಪುತ್ತೂರು ಜಾತ್ರೆಗೆ ಚಿಕ್ಕಪ್ಪನ ಮಗ ಊರಿಗೆ ಬಂದಿದ್ದ. ಸುಳ್ಯದ ಹುಡುಗ, ಡಿಪ್ಲೊಮಾ ಮುಗಿಸಿ ಬೆಂಗಳೂರಿನಲ್ಲಿ ಕೆಲಸ. ಎಂತ ಕೆಲಸ ಎಂದು ಕೇಳಿದರೆ ಚಿಕ್ಕಪ್ಪ "ಸ್ಕ್ರೂ ಬಿಗಿಯುವುದು" ಎನ್ನುತ್ತಿದ್ದರು. ಅವನು ಬಿಗಿಯುವುದು ಉಪಗ್ರಹದ ಪ್ಯಾನೆಲ್‌ಗೆ ಎಲೆಕ್ಟ್ರಾನಿಕ್ ಪೆಟ್ಟಿಗೆಗಳನ್ನು ಎಂದು ನನಗೂ ಸರಿಯಾಗಿ ಗೊತ್ತಿರಲಿಲ್ಲ. ನನ್ನ ಫೋನಿನ ಕತೆ ಕೇಳಿ ಅವನು ನಕ್ಕ. "ಅಣ್ಣಾ, ನೀನು ಅದಕ್ಕೆ ಕಂಬಳಿ ಹೊದೆಸಿ, ಬೆನ್ನಿಗೆ ಒಲೆ ಕಟ್ಟಿದ್ದೀ. ಬಿಸಿ ಎಲ್ಲಿಂದ ಹೊರಗೆ ಹೋಗಬೇಕು?"

ತೇರು ಎಳೆಯುವ ಹೊತ್ತಿನವರೆಗೂ ಗದ್ದೆಯ ಬದಿಯಲ್ಲಿ ಕೂತು ವಿವರಿಸಿದ. ನನಗೆ ಅರ್ಥವಾದದ್ದನ್ನು ಇಲ್ಲಿ ಹೇಳುತ್ತೇನೆ.

ನಮ್ಮಲ್ಲಿ ಬಿಸಿ ಚಾ ಆರುವುದು ಹೆಚ್ಚಾಗಿ ಗಾಳಿಯಿಂದ. ಬಾಹ್ಯಾಕಾಶದಲ್ಲಿ ಗಾಳಿಯೇ ಇಲ್ಲ, ಹಾಗಾಗಿ ಹೊರಗೆ ಫ್ಯಾನ್ ತಿರುಗಿಸಿ ಪ್ರಯೋಜನವಿಲ್ಲ. ಬಿಸಿ ಹೋಗಲಿಕ್ಕೆ ಎರಡೇ ದಾರಿ. ಒಂದು, ಮುಟ್ಟಿಕೊಂಡಿರುವ ವಸ್ತುವಿಗೆ ದಾಟುವುದು. ಇನ್ನೊಂದು, ಕೆಂಡದ ಕಾವು ದೂರ ಕೂತ ನಮಗೆ ತಾಗುವ ಹಾಗೆ ಕಿರಣವಾಗಿ ಹೊರಗೆ ಹೋಗುವುದು. ಹಾಗಾಗಿ ಅಲ್ಲಿ ಪೆಟ್ಟಿಗೆಯನ್ನು ಎಲ್ಲಿ, ಹೇಗೆ ಕೂರಿಸಿದ್ದಾರೆ ಎನ್ನುವುದರ ಮೇಲೇ ಅದರ ತಂಪು ನಿಂತಿದೆ.

ಪ್ಯಾನೆಲ್ ಅಂದರೆ ಬರೀ ತಗಡಲ್ಲ. ಜೇನಿನ ಎರಿಯ ಹಾಗೆ ಆರು ಮೂಲೆಯ ಗೂಡುಗಳಿರುವ ತೆಳು ಅಲ್ಯೂಮಿನಿಯಂ, ಅದರ ಎರಡೂ ಬದಿಗೆ ತೆಳು ಹಾಳೆ ಅಂಟಿಸಿದ್ದು. ಹಗುರ, ಆದರೆ ಬಾಗುವುದಿಲ್ಲ. ಆ ಹಾಳೆಯಲ್ಲಿ ಸ್ಕ್ರೂ ನಿಲ್ಲದ ಕಾರಣ ಗೂಡಿನೊಳಗೆ ಲೋಹದ ಇನ್ಸರ್ಟ್ ಇಳಿಸಿ ಸುತ್ತ ಅಂಟು ತುಂಬುತ್ತಾರೆ. ಸ್ಕ್ರೂ ಹಿಡಿಯುವುದು ಅದಕ್ಕೆ. ಎಷ್ಟು ಬಿಗಿಯಬೇಕು ಎಂಬುದಕ್ಕೂ ಅಳತೆ ತೋರಿಸುವ ಸ್ಪ್ಯಾನರ್ ಉಂಟು. ಕಡಿಮೆಯಾದರೆ ರಾಕೆಟ್ ಅದುರುವಾಗ ಸಡಿಲವಾಗುತ್ತದೆ, ಹೆಚ್ಚಾದರೆ ಇನ್ಸರ್ಟೇ ಕಿತ್ತು ಬರುತ್ತದೆ.

ನುಣುಪಾಗಿ ಕಂಡರೂ ಎರಡು ಲೋಹಗಳು ನಿಜವಾಗಿ ಮುಟ್ಟುವುದು ಅಲ್ಲಲ್ಲಿ ಮಾತ್ರ. ನಮ್ಮಲ್ಲಾದರೆ ಸಂದಿನ ಗಾಳಿಯೂ ಸ್ವಲ್ಪ ಬಿಸಿ ದಾಟಿಸುತ್ತದೆ. ಅಲ್ಲಿ ಅದೂ ಇಲ್ಲ. ಅದಕ್ಕೇ ಹೆಚ್ಚು ಕಾಯುವ ಪೆಟ್ಟಿಗೆಗಳ ಅಡಿಗೆ ಬಿಸಿ ದಾಟಿಸುವ ಗ್ರೀಸ್ ಸವರುತ್ತಾರೆ ಅಥವಾ ಮೆದು ಹಾಳೆ ಇಡುತ್ತಾರೆ. ದೊಡ್ಡ ಉಪಗ್ರಹಗಳಲ್ಲಿ ಪ್ಯಾನೆಲ್ ಒಳಗೇ ಹೀಟ್ ಪೈಪ್ ಇರುತ್ತದೆ. ಒಳಗಿನ ಅಮೋನಿಯಾ ಬಿಸಿಯಾದ ಕಡೆ ಆವಿಯಾಗಿ, ತಣ್ಣಗಿನ ಕಡೆ ಹೋಗಿ ಪುನಃ ದ್ರವವಾಗುತ್ತದೆ, ಗಂಜಿ ಪಾತ್ರೆಯ ಮುಚ್ಚಳದಲ್ಲಿ ಹಬೆ ನೀರಾಗುವ ಹಾಗೆ. ಪೈಪಿನ ಒಳಗೋಡೆಯ ಸಣ್ಣ ಗೀರುಗಳು ಬತ್ತಿಯ ಹಾಗೆ ಅದನ್ನು ಹಿಂದಕ್ಕೆ ಎಳೆಯುತ್ತವೆ. ಪಂಪ್ ಬೇಡ. ಪ್ಯಾನೆಲ್‌ನ ಹೊರಬದಿಗೆ ಕನ್ನಡಿಯಂಥ ಬಿಲ್ಲೆಗಳನ್ನು ಅಂಟಿಸುತ್ತಾರೆ. ಅವು ಬಿಸಿಲನ್ನು ಹಿಂದಕ್ಕೆ ಕಳಿಸಿ, ಒಳಗಿನ ಬಿಸಿಯನ್ನು ಹೊರಗೆ ಬಿಡುತ್ತವೆ. ಉಳಿದ ಜಾಗಕ್ಕೆ ಟಿವಿಯಲ್ಲಿ ನೋಡಿದ್ದೀರಲ್ಲ, ಆ ಬಂಗಾರದ ಬಣ್ಣದ ಹೊದಿಕೆ.

ಇಷ್ಟೆಲ್ಲ ಮಾಡಿದರೂ ಲೆಕ್ಕ ತಪ್ಪಬಹುದು. ಚಂದ್ರಯಾನ-1 ಅದಕ್ಕೆ ಉದಾಹರಣೆ. ಅದನ್ನು ಕಟ್ಟಿದ್ದು ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರದಲ್ಲಿ. ಆ ಕೇಂದ್ರಕ್ಕೆ ಈಗ ನಮ್ಮ ಪಕ್ಕದ ಉಡುಪಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅವರ ಹೆಸರು. 2008ರ ಅಕ್ಟೋಬರ್ 22ರಂದು ಹೊರಟು, ನವೆಂಬರಿನಲ್ಲಿ ಚಂದ್ರನಿಂದ 100 ಕಿ.ಮೀ. ಎತ್ತರದಲ್ಲಿ ಸುತ್ತತೊಡಗಿತು. ಆ ತಿಂಗಳ ಕೊನೆಗೇ ಒಳಗಿನ ಉಷ್ಣತೆ 50 ಡಿಗ್ರಿಗೆ ಏರಿತು. ಮಧ್ಯಾಹ್ನ ಅಡಿಕೆ ಒಣಗಿಸುವ ಅಂಗಳದಲ್ಲಿ ನಿಂತರೆ ತಲೆ ಮಾತ್ರವಲ್ಲ, ಅಂಗಾಲೂ ಸುಡುತ್ತದಲ್ಲ, ಹಾಗೆ. ಮೇಲಿನಿಂದ ಸೂರ್ಯ, ಕೆಳಗಿನಿಂದ ಕಾದ ಚಂದ್ರ. ನೌಕೆಯನ್ನು ಸ್ವಲ್ಪ ತಿರುಗಿಸಿ, ಕೆಲವು ಉಪಕರಣ ಆಫ್ ಮಾಡಿ ತಂಪು ಮಾಡಿದರು. 2009ರ ಮೇ ತಿಂಗಳಲ್ಲಿ ಅದನ್ನು 200 ಕಿ.ಮೀ. ಎತ್ತರಕ್ಕೆ ಏರಿಸಿದರು. 100 ಕಿ.ಮೀ. ಎತ್ತರದಲ್ಲಿ 75 ಡಿಗ್ರಿ ಇರಬಹುದೆಂದು ಎಣಿಸಿದ್ದೆವು, ಅದಕ್ಕಿಂತ ಹೆಚ್ಚಿತ್ತು ಎಂದು ಕೇಂದ್ರದ ಆಗಿನ ನಿರ್ದೇಶಕ ಟಿ.ಕೆ. ಅಲೆಕ್ಸ್ ಆಮೇಲೆ ಒಪ್ಪಿಕೊಂಡರು.

ಎರಡು ವರ್ಷ ದುಡಿಯಬೇಕಾಗಿದ್ದ ನೌಕೆ 2009ರ ಆಗಸ್ಟ್ 29ರಂದು, 312ನೇ ದಿನಕ್ಕೆ ಮೌನವಾಯಿತು. ಆದರೆ ಅಷ್ಟರಲ್ಲಿ ಅದು ನೋಡಿದ್ದನ್ನೆಲ್ಲ ಭೂಮಿಗೆ ಕಳಿಸುತ್ತಲೇ ಇತ್ತು. ಬೆಂಗಳೂರಿನ ಹೊರಗಿನ ಬ್ಯಾಲಾಳುವಿನಲ್ಲಿ ಅದಕ್ಕಾಗಿ 32 ಮೀಟರ್ ಅಗಲದ ಆಂಟೆನಾ ಉಂಟು. ನೌಕೆ ಸತ್ತು ಒಂದು ತಿಂಗಳೂ ಆಗಿರಲಿಲ್ಲ, ಸೆಪ್ಟೆಂಬರಿನಲ್ಲಿ ಸುದ್ದಿ ಬಂತು: ಚಂದ್ರನ ಮಣ್ಣಿನಲ್ಲಿ ನೀರಿನ ಅಂಶ ಉಂಟು ಎಂದು. ಚಂದ್ರಯಾನದಲ್ಲಿದ್ದ ನಾಸಾದ ಉಪಕರಣ ಕಳಿಸಿದ ಮಾಹಿತಿಯಿಂದ ಅದು ಗೊತ್ತಾದದ್ದು.

ಇದನ್ನು ಕೇಳುವಾಗ ನನಗೆ ನಾಚಿಕೆಯಾಯಿತು. ಅಲ್ಲಿ ಚಂದ್ರನ ನೀರಿನ ಸಂಗತಿ ನೌಕೆ ಹೋದ ಮೇಲೂ ಉಳಿಯಿತು. ಇಲ್ಲಿ ಒಬ್ಬರು ಅಜ್ಜಿಯ ನೀರಿನ ಮಾತು ನನ್ನ ಫೋನಿನೊಟ್ಟಿಗೇ ಹೋಯಿತು.

ಜಾತ್ರೆ ಮುಗಿದ ಮೇಲೆ ಅವರ ಮನೆಗೆ ಹೋದೆ. "ಅವತ್ತು ಹೇಳಿದ್ದನ್ನು ಇನ್ನೊಮ್ಮೆ ಹೇಳಿ ಅಜ್ಜೀ" ಎಂದೆ.

"ಅಷ್ಟು ಜನರ ಎದುರು ಹೇಳಿದ್ದೇನೆ ಮಗಾ. ಈಗ ನಿನ್ನೊಬ್ಬನಿಗೆ ಹೇಳಿ ಎಂತ ಆಗಲಿಕ್ಕುಂಟು?" ಎಂದರು. ಆದರೆ ಕೊಡ ಎತ್ತಿಕೊಂಡು ತೋಡಿಗೆ ಹೊರಟರು. ನಾನು ಹಿಂದೆ ಹೋದೆ. ಇಳಿಯಲಿಕ್ಕೆ ಹತ್ತು ನಿಮಿಷ, ಹತ್ತಲಿಕ್ಕೆ ಇಪ್ಪತ್ತೈದು. ಅದನ್ನೇ ಬರೆದೆ. ಒಳಪುಟದಲ್ಲಿ ಬಂತು. ಪಂಪ್ ರಿಪೇರಿ ಆದದ್ದು ಮಳೆ ಹಿಡಿದ ಮೇಲೆ.

ಈಗ ನಾನು ಸಭೆಗೆ ಹೋದರೆ ಫೋನನ್ನು ನೆರಳಿನಲ್ಲಿ ಇಡುತ್ತೇನೆ. ಕವರ್ ತೆಗೆಯುತ್ತೇನೆ. ಪವರ್ ಬ್ಯಾಂಕ್ ಉದ್ದ ವಯರಿನಲ್ಲಿ ಕೆಳಗೆ ಇರುತ್ತದೆ. ಒಂದೇ ಉದ್ದ ವಿಡಿಯೋ ಮಾಡದೆ ಐದೈದು ನಿಮಿಷದ ತುಂಡು ಮಾಡಿ, ನೆಟ್‌ವರ್ಕ್ ಸಿಕ್ಕಿದಲ್ಲೆಲ್ಲ ಗೆಳೆಯನಿಗೆ ಕಳಿಸುತ್ತೇನೆ. ಯಾರಾದರೂ ಎದ್ದು ನಿಂತರೆ ಪೆನ್ನು ಮೊದಲು ಕೈಗೆ ಬರುತ್ತದೆ.

ನಿಮ್ಮ ಮನೆಯಲ್ಲೂ ಒಮ್ಮೆ ನೋಡಿ. ತಮ್ಮ ಬಂದ ದಿನ ನಮ್ಮ ಇನ್ವರ್ಟರ್ ಮೆಟ್ಟಿಲಿನಡಿಯ ಕಪಾಟಿನಲ್ಲಿ ಇತ್ತು, ಅದಕ್ಕೆ ಒತ್ತಿ ಅಡಿಕೆಯ ಎರಡು ಗೋಣಿ. ಅವನು ಏನೂ ಹೇಳದೆ ಗೋಣಿ ಎರಡನ್ನೂ ಈಚೆ ಎಳೆದ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಚಿಕ್ಕಪ್ಪ ಕೇಳಿದರು: "ಇದನ್ನೇನಾ ನೀನು ಅಲ್ಲಿ ಮಾಡುವುದು?"

"ಹೌದಪ್ಪ, ಇದನ್ನೇ" ಎಂದ.