ಅಕ್ಕನ ಪ್ರಶ್ನೆ

ಅಕ್ಕನನ್ನು ಮಿರಜಿಗೆ ಮದುವೆ ಮಾಡಿಕೊಟ್ಟು ಮೂವತ್ತು ವರ್ಷಗಳಾದವು. ಕಾಸರಗೋಡಿನಲ್ಲಿ ಮಲಯಾಳದ ನಡುವೆ ಬೆಳೆದವಳಿಗೆ ಅಲ್ಲಿಯ ಮರಾಠಿ ಕಷ್ಟವೆನಿಸಲಿಲ್ಲ. ಕಷ್ಟ ಬಂದದ್ದು ಕಳೆದ ವರ್ಷ, ಸಕ್ಕರೆ ಕಾಯಿಲೆಯ ರೂಪದಲ್ಲಿ. "ರಕ್ತದಲ್ಲಿ ಇನ್ಸುಲಿನ್ ಬೇಕಾದಷ್ಟಿದೆ, ದೇಹ ಅದಕ್ಕೆ ಓಗೊಡುತ್ತಿಲ್ಲ" ಎಂದರಂತೆ ವೈದ್ಯರು. "ಇದ್ದ ಮೇಲೆ ಮಾತ್ರೆ ಎಂತಕ್ಕೆ ಮಾರಾಯ?" ಎಂದು ಅಕ್ಕ ಕೇಳಿದಳು. ಮಾತ್ರೆ ನಿಲ್ಲಿಸುವ ಹಟ ಅವಳ ದನಿಯಲ್ಲಿತ್ತು.

ಮಿರಜಿನ ನೆರೆಯ ಸಾಂಗ್ಲಿಯ ಅರಿಶಿನ ಪೇಟೆಯನ್ನು ಅವಳಿಗೆ ನೆನಪಿಸಿದೆ. ಪೇಟೆಗೆ ಕಾಲಿಟ್ಟಾಗ ಮೂಗಿಗೆ ಅಡರುವ ಘಾಟು ಸ್ವಲ್ಪ ಹೊತ್ತಿನಲ್ಲೇ ಗೊತ್ತಾಗದಂತಾಗುತ್ತದೆ. ಅರಿಶಿನದ ರಾಶಿ ಕರಗಿರುವುದಿಲ್ಲ, ಮೂಗು ಒಗ್ಗಿಕೊಂಡಿರುತ್ತದೆ.

ಜೀವಕೋಶದ ಸ್ವಭಾವವೂ ಸುಮಾರು ಹೀಗೆಯೇ. ಆದರೆ ಇಲ್ಲಿ ಗಂಟೆ, ದಿನಗಳ ಲೆಕ್ಕ. ಹಾರ್ಮೋನಿನ ಕರೆಯನ್ನು ಕೇಳಲು ಕೋಶಕ್ಕೆ 'ಗ್ರಾಹಕ'ಗಳೆಂಬ ಕಿವಿಗಳಿವೆ. 1974ರಲ್ಲಿ ಅಮೆರಿಕದಲ್ಲಿ ಜೇಮ್ಸ್ ಗೇವಿನ್, ಜೆಸ್ಸಿ ರಾತ್ ಮತ್ತು ಸಂಗಡಿಗರು ಮನುಷ್ಯನ ಬಿಳಿರಕ್ತಕಣಗಳನ್ನು ಬಹಳ ಹೊತ್ತು ಇನ್ಸುಲಿನ್‌ನಲ್ಲಿರಿಸಿದರು. ಅವುಗಳ ಮೇಲಿನ ಗ್ರಾಹಕಗಳು ಕಡಿಮೆಯಾದವು. ಇನ್ಸುಲಿನ್ ತೆಗೆದಾಗ ಮತ್ತೆ ಹೆಚ್ಚಿದವು. ಕರೆ ಎಡೆಬಿಡದೆ ಬಂದರೆ ಕೋಶ ಕಿವಿಗಳನ್ನು ಒಳಗೆಳೆದುಕೊಳ್ಳುತ್ತದೆ.

ಕೋತಿಗಳ ಮೇಲಿನ ಪ್ರಯೋಗವೊಂದು 1978ರಲ್ಲಿ ಪ್ರಕಟವಾಯಿತು. ಮೆದುಳಿನ ಒಂದು ಹಾರ್ಮೋನನ್ನು ಗಂಟೆಗೊಮ್ಮೆ ಕೊಟ್ಟಾಗ ಪಿಟ್ಯುಟರಿ ಗ್ರಂಥಿ ಓಗೊಟ್ಟಿತು. ಸತತವಾಗಿ ಹರಿಸಿದಾಗ ಸುಮ್ಮನಾಯಿತು. ಪ್ರೊಸ್ಟೇಟ್ ಕ್ಯಾನ್ಸರಿನ ಕೆಲವು ಔಷಧಿಗಳು ಈ ಗುಣವನ್ನೇ ಬಳಸುತ್ತವೆ. ಎಲ್ಲ ಹಾರ್ಮೋನುಗಳೂ ಕಿವಿ ಮುಚ್ಚಿಸುವುದಿಲ್ಲ. ಈಸ್ಟ್ರೊಜೆನ್ ಗರ್ಭಕೋಶದಲ್ಲಿ ಪ್ರೊಜೆಸ್ಟೆರಾನಿನ ಗ್ರಾಹಕಗಳನ್ನು ಹೆಚ್ಚಿಸಿ, ಮುಂದೆ ಬರುವ ಕರೆಗೆ ಅದನ್ನು ಸಜ್ಜುಗೊಳಿಸುತ್ತದೆ.

ಸಕ್ಕರೆ ಕಾಯಿಲೆಯಲ್ಲಿ ಕಿವಿಗಳು ಕಡಿಮೆಯಾಗುವುದಷ್ಟೇ ಅಲ್ಲ, ಕೇಳಿದ ಸುದ್ದಿ ಕೋಶದೊಳಗೆ ಸಾಗುವ ದಾರಿಯೂ ಕೆಟ್ಟಿರುತ್ತದೆ. ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ, ಕೂಗಿ ಕೂಗಿ ಕೊನೆಗೆ ತಾನೇ ದಣಿಯುತ್ತದೆ. ಅಕ್ಕನಿಗೆ ಕೊಟ್ಟದ್ದು ಮೆಟ್‌ಫಾರ್ಮಿನ್. ಅದು ಹೆಚ್ಚು ಇನ್ಸುಲಿನ್ ಸುರಿಸುವ ಮಾತ್ರೆಯಲ್ಲ. ಪಿತ್ತಜನಕಾಂಗ ಸಕ್ಕರೆ ಬಿಡುವುದನ್ನು ತಗ್ಗಿಸಿ, ಇರುವ ಇನ್ಸುಲಿನ್ನಿನ ಮಾತು ನಡೆಯುವಂತೆ ಮಾಡುತ್ತದೆ. ನಡಿಗೆಯಿಂದ, ಮೈತೂಕ ಇಳಿಯುವುದರಿಂದ ಕೋಶಗಳ ಕಿವಿ ಮತ್ತೆ ಚುರುಕಾಗುತ್ತದೆ.

ಎಲ್ಲವನ್ನೂ ಕೇಳಿ ಅಕ್ಕ, "ಹಾಗಾದರೆ ಬೊಬ್ಬೆ ಕಡಿಮೆಯಾಗಬೇಕು ಅನ್ನು" ಎಂದಳು. ಇಷ್ಟು ಚೆನ್ನಾಗಿ ನನಗೆ ಹೇಳಲು ಬಂದಿರಲಿಲ್ಲ. ಈಗ ಮಾತ್ರೆ ತಪ್ಪಿಸುವುದಿಲ್ಲ. ಸಂಜೆ ಭಾವನನ್ನೂ ಎಬ್ಬಿಸಿಕೊಂಡು ನಡೆಯಲು ಹೊರಡುತ್ತಾಳೆ.