ಎರೆಮಣ್ಣಿನ ಸೀಮೆಯ ಎಡಗೈ

ಬೆರಳಿನಿಂದ ಚೆಂಡು ತಿರುಗಿಸುವ ಎಡಗೈ ಬೌಲರನ ವಿದ್ಯೆಯೆಲ್ಲ ಸೀಮನ್ನು, ಅಂದರೆ ತೊಗಲ ಹೋಳುಗಳನ್ನು ಕೂಡಿಸುವ ಉಬ್ಬಿದ ಹೊಲಿಗೆಯನ್ನು ಅವಲಂಬಿಸಿದೆ. ತೋರುಬೆರಳು ಆ ಉಬ್ಬನ್ನು ಅಡ್ಡಲಾಗಿ ಹಿಡಿದು ಸೆಳೆದಾಗ ಚೆಂಡು ನೆಲ ಮುಟ್ಟಿ ಬಲಗೈ ಬ್ಯಾಟ್ಸ್‌ಮನ್ನನಿಂದ ಹೊರಕ್ಕೆ ಹೊರಳುತ್ತದೆ. ಸೆಳೆಯದೆ ಬಿಟ್ಟಾಗ ಕೈ ಬಂದ ದಿಕ್ಕಿಗೇ ಒಳನುಗ್ಗುತ್ತದೆ, ಇದನ್ನು ಆರ್ಮ್ ಬಾಲ್ ಎನ್ನುತ್ತಾರೆ.

ಕಲಬುರಗಿ ಜಿಲ್ಲೆಯ ಮಹಾಗಾಂವದ ಹುಡುಗರ ಆಟವಾದರೋ ಟೆನಿಸ್ ಚೆಂಡಿನದು. ಜೋಳದ ರಾಶಿ ಮುಗಿದ ಮೇಲೆ ಬಿರುಕು ಬಿಟ್ಟ ಎರೆಹೊಲದಲ್ಲಿ, ಮಳೆಗಾಲದಲ್ಲಿ ಆ ಎರೆ ಕಾಲಿಗೆ ಮೆತ್ತಿಕೊಳ್ಳುವುದರಿಂದ ಗರಸಿನ ಬಯಲಿನಲ್ಲಿ. ಆ ಚೆಂಡಿಗೆ ಸೀಮ್ ಇಲ್ಲದ್ದರಿಂದ ಬೆರಳಿಗೆ ಹಿಡಿತ ಸಿಗದು, ಅಷ್ಟಿಷ್ಟು ತಿರುಗಿದರೂ ಅದು ನೆಲದ ಬಿರುಕಿನ ಪ್ರತಾಪವೆಂದು ಔಟಾದವನು ವಾದಿಸುತ್ತಾನೆ. ಉಣ್ಣುವಾಗ ಎಡಗೈ ಮುಂದೆ ಮಾಡಿ ಮನೆಯಲ್ಲಿ ಬೈಸಿಕೊಳ್ಳುತ್ತಿದ್ದ ಪ್ರಸ್ತುತ ಲೇಖಕನಿಗೆ ಆ ಕೈಯ ಬೆಲೆ ತಿಳಿದದ್ದು ಈ ಬಯಲಿನಲ್ಲಿಯೇ ಆದರೂ, ತೊಗಲ ಚೆಂಡು ಕೈಗೆ ಬಂದದ್ದು ಹುಮನಾಬಾದ್ ಕಡೆಯಿಂದ ಬರುವ ಬಸ್ಸನ್ನು ಮಹಾಗಾಂವ ಕ್ರಾಸಿನಲ್ಲಿ ಹಿಡಿದು ಕಲಬುರಗಿಯ ಕಾಲೇಜಿಗೆ ಹೋಗತೊಡಗಿದ ಮೇಲೆ. ಅಲ್ಲಿ ಮ್ಯಾಟಿನ ಮೇಲೆ, ಅಂದರೆ ಗಟ್ಟಿ ನೆಲಕ್ಕೆ ನಾರಿನ ಚಾಪೆಯನ್ನು ಬಿಗಿದು ಮೊಳೆ ಹೊಡೆದ ಪಿಚ್ಚಿನ ಮೇಲೆ, ಚೆಂಡು ಪುಟಿದು ತಿರುಗಿದ್ದನ್ನು ಕಂಡು ಬೌಲರನೇ ಬೆರಗಾದನು. ಹುಲ್ಲಿನ ಪಿಚ್ಚು ಅಷ್ಟು ಉದಾರಿಯಲ್ಲ. ಚಾಪೆಯ ಮೇಲೆ ಹುಲಿಯಾದವರು ಅಲ್ಲಿ ಪಳಗಲು ವರ್ಷಗಳೇ ಬೇಕು.

1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕಲಬುರಗಿ ಹೈದರಾಬಾದ್ ರಾಜ್ಯದಲ್ಲಿದ್ದು, ಭಾರತದ ಪರ 22 ಟೆಸ್ಟ್‌ಗಳಲ್ಲಿ 68 ವಿಕೆಟ್ ಪಡೆದ ಆಫ್ ಸ್ಪಿನ್ನರ್ ಗುಲಾಮ್ ಅಹ್ಮದ್ ಅದರ ರಾಜಧಾನಿಯವರೇ ಆಗಿದ್ದರು. ಅನಂತರ ಕ್ರಿಕೆಟ್ಟಿನ ದಾರಿ ಹೈದರಾಬಾದಿಗಿಂತ ಬಹಳ ದೂರದ ಬೆಂಗಳೂರಿಗೆ ತಿರುಗಿತು, ಜಿಲ್ಲೆ ರಾಜ್ಯ ಕ್ರಿಕೆಟ್ ಸಂಸ್ಥೆಯ ರಾಯಚೂರು ವಲಯಕ್ಕೆ ಸೇರಿತು.

ಇಂಥ ದೂರವನ್ನು ದಾಟಿ ತೋರಿಸಿದವರು ಗದಗಿನ ಎಡಗೈ ಸ್ಪಿನ್ನರ್ ಸುನಿಲ್ ಜೋಶಿ. 1970ರಲ್ಲಿ ಹುಟ್ಟಿದ ಅವರು ಬಾಲ್ಯದಲ್ಲಿ ಮುಂಜಾನೆ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ಗದಗಿಗೆ ಮರಳುತ್ತಿದ್ದರು. 1995-96ರ ರಣಜಿ ಋತುವಿನಲ್ಲಿ 500ಕ್ಕೂ ಹೆಚ್ಚು ರನ್, 50ಕ್ಕೂ ಹೆಚ್ಚು ವಿಕೆಟ್ ಗಳಿಸಿ, 1996ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಮೊದಲ ಟೆಸ್ಟ್ ಆಡಿದರು. 1999ರ ಸೆಪ್ಟೆಂಬರ್ 26ರಂದು ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ಎದುರು ಅವರು ಎಸೆದ 10 ಓವರುಗಳಲ್ಲಿ 6 ಮೇಡನ್, ಅಂದರೆ ಒಂದೂ ರನ್ ಕೊಡದ ಓವರುಗಳು. ಉಳಿದ 4ರಲ್ಲಿ ಒಟ್ಟು 6 ರನ್, ವಿಕೆಟ್ 5. ಎದುರಾಳಿಗಳು 117ಕ್ಕೆ ಮುಗಿದರು. ಮರುವರ್ಷ ಢಾಕಾದಲ್ಲಿ ಬಾಂಗ್ಲಾದೇಶದ ಚೊಚ್ಚಲ ಟೆಸ್ಟಿನಲ್ಲಿ 8 ವಿಕೆಟ್ ಕಿತ್ತು 92 ರನ್ ಹೊಡೆದು ಪಂದ್ಯಶ್ರೇಷ್ಠರಾದರು. ಆದರೂ ಅದೇ ತಿಂಗಳು ಅವರ ಟೆಸ್ಟ್ ಬದುಕು 15 ಪಂದ್ಯ, 41 ವಿಕೆಟ್‌ಗಳಿಗೆ ನಿಂತಿತು. ರಾಜ್ಯದಲ್ಲೂ ದೇಶದಲ್ಲೂ ಅನಿಲ್ ಕುಂಬ್ಳೆ ಇದ್ದ ಕಾಲವದು. ಒಬ್ಬನೇ ಸ್ಪಿನ್ನರ್ ಸಾಕೆನ್ನುವ ದಿನ ಯಾರು ಹೊರಗುಳಿಯಬೇಕೆಂಬ ಪ್ರಶ್ನೆಯೇ ಏಳುತ್ತಿರಲಿಲ್ಲ.

ಜನ ನೈರೋಬಿಯ ದಿನವನ್ನೇ ಇಂದಿಗೂ ನೆನೆಯುತ್ತಾರೆ, ಅದು ತಪ್ಪೇನಲ್ಲ. ಆದರೆ ಜಿಲ್ಲೆಯ ಬೌಲರನನ್ನು ಅಳೆಯಲು ಅದಕ್ಕಿಂತ ತಕ್ಕ ಅಳತೆ ಅವರು 160 ಪ್ರಥಮ ದರ್ಜೆ ಪಂದ್ಯಗಳಲ್ಲಿ, ಬಹುಪಾಲು ಖಾಲಿ ಗ್ಯಾಲರಿಗಳ ಮುಂದೆ, ಗಳಿಸಿದ 615 ವಿಕೆಟ್‌ಗಳು. ಹುಬ್ಬಳ್ಳಿಯಂಥ ಊರೊಂದು ಮುಂಜಾನೆಯ ದಾರಿಯಲ್ಲಿ ಇದ್ದುದರಿಂದ ಆ ಗಳಿಕೆ ಆರಂಭವಾಯಿತು. ಅಂಥದೇ ಆರಂಭಕ್ಕಾಗಿ ಮಹಾಗಾಂವ, ಕಮಲಾಪುರಗಳ ಶಾಲಾ ಬಯಲಿಗೆ ಒಂದೊಂದು ಮ್ಯಾಟು, ನಾಲ್ಕಾರು ತೊಗಲ ಚೆಂಡು ಒದಗಿಸುವುದು ಸಂಬಂಧಪಟ್ಟವರಿಗೆ ದೊಡ್ಡ ಖರ್ಚಲ್ಲ; ಈ ವರ್ಷದ ರಾಶಿ ಮುಗಿಯುವುದರೊಳಗೆ ಅಷ್ಟಾದರೂ ಆಗಲಿ.